ದಾರಿ ತಪ್ಪುವ ಬಾಣ

ಮನುಷ್ಯನ ಕೈ ತಲುಪುವ ದೂರ ಬಹಳ ಚಿಕ್ಕದು. ಆ ದೂರವನ್ನು ಹೆಚ್ಚಿಸಿಕೊಳ್ಳುವುದಕ್ಕಾಗಿ ಅವನು ದೋಟಿಯನ್ನು ಹಿಡಿದನು, ಏತವನ್ನು ಹೂಡಿದನು, ಗಾಳವನ್ನು ಬೀಸಿದನು. ಈ ಎಲ್ಲ ಸಾಧನಗಳಲ್ಲಿಯೂ ಒಂದು ಸಮಾನ ಗುಣವುಂಟು. ಕೈ ಅಲುಗಿದರೆ ಸಾಧನದ ತುದಿ ಅಲುಗುತ್ತದೆ. ಅಲುಗಿದ ತುದಿಯನ್ನು ಕಣ್ಣು ನೇರವಾಗಿ ನೋಡುತ್ತದೆ. ಮಾವಿನ ಕಾಯಿಗೆ ದೋಟಿ ಸಿಕ್ಕಿತೋ ಇಲ್ಲವೋ ಎಂಬ ವಿಷಯದಲ್ಲಿ ಕೈಗೂ ಕಣ್ಣಿಗೂ ಭಿನ್ನಾಭಿಪ್ರಾಯ ಬರುವುದಿಲ್ಲ. ಆದರೆ ಇಂದಿನ ಕಾಲದಲ್ಲಿ ಮನುಷ್ಯನ ಕೈ ನೂರಾರು ಕಿಲೋಮೀಟರುಗಳಷ್ಟು ಉದ್ದವಾಗಿದೆ. ಒಂದು ಊರಿನಲ್ಲಿ ಕುಳಿತವರು ಇನ್ನೊಂದು ಊರಿನ ಗಣಕಯಂತ್ರವನ್ನು ನಡೆಸುತ್ತಾರೆ. ಅಲ್ಲಿ ಕೈಗೂ ಕಾರ್ಯಕ್ಕೂ ನಡುವೆ ಇರುವುದು ದೋಟಿಯ ಕೋಲಲ್ಲ, ಸಂದೇಶಗಳ ಸರಪಳಿ. ಈ ಸರಪಳಿಯ ಯಾವುದಾದರೂ ಒಂದು ಕೊಂಡಿ ತಪ್ಪಿದರೆ ಕೈ ಒಂದು ಕಡೆಗೆ, ಕಾರ್ಯ ಇನ್ನೊಂದು ಕಡೆಗೆ ಸಾಗುತ್ತದೆ. ಅಂತಹ ತಪ್ಪು ಹೇಗೆ ಹುಟ್ಟುತ್ತದೆ, ಅದನ್ನು ಹೇಗೆ ಸರಿಪಡಿಸಬೇಕು ಎಂಬುದು ತಿಳಿಯತಕ್ಕ ವಿಷಯವಾಗಿದೆ.

ಈ ತಪ್ಪನ್ನು ಅಲ್ಪವೆಂದು ಎಣಿಸಲಾಗದು. ಕರ್ನಾಟಕದ ‘ಭೂಮಿ’ ಯೋಜನೆಯು ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಹಿಂದೆ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದ ಜಮೀನಿನ ವಿವರಗಳು ಈಗ ಗಣಕಗಳ ಸ್ಮೃತಿಯಲ್ಲಿವೆ. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಹೊಲ ಉಳುವ ರೈತನ ಹಕ್ಕಿನ ದಾಖಲೆ ಅವನ ಊರಿನ ಯಾವ ಪೆಟ್ಟಿಗೆಯಲ್ಲಿಯೂ ಇಲ್ಲ. ಇಂತಹ ದಾಖಲೆಗಳನ್ನು ಕಾಯುವ ಗಣಕಗಳು ತಂಪಾದ ಕೋಣೆಗಳಲ್ಲಿ ಸಾಲುಸಾಲಾಗಿ ನಿಂತಿರುತ್ತವೆ. ಅವುಗಳ ಎದುರಿಗೆ ಪರದೆಯಾಗಲಿ ಕುರ್ಚಿಯಾಗಲಿ ಇರುವುದಿಲ್ಲ. ಅವುಗಳನ್ನು ನೋಡಿಕೊಳ್ಳುವ ನೌಕರರು ಬೇರೊಂದು ಕೊಠಡಿಯಲ್ಲಿಯೋ ಬೇರೊಂದು ಊರಿನಲ್ಲಿಯೋ ಕುಳಿತು, ತಮ್ಮ ಪರದೆಯ ಮೇಲೆ ಆ ಗಣಕದ ಪರದೆಯನ್ನು ಕಾಣುತ್ತಾರೆ. ಇದಕ್ಕೆ ರಿಮೋಟ್ ಕನ್ಸೋಲ್ ಎಂದು ಹೆಸರು. ‘ದೂರ ಪರದೆ’ ಎಂದು ಕರೆಯಬಹುದು. ಕನ್ನಡದಲ್ಲಿ ‘ಉಳಿಸು’ ಎಂಬುದಕ್ಕೂ ‘ಅಳಿಸು’ ಎಂಬುದಕ್ಕೂ ಇರುವ ವ್ಯತ್ಯಾಸ ಒಂದೇ ಅಕ್ಷರ. ಪರದೆಯ ಮೇಲೆ ಈ ಎರಡು ಗುಂಡಿಗಳ ನಡುವಿನ ಅಂತರವೂ ಎಷ್ಟೋ ವೇಳೆ ಅರ್ಧ ಬೆರಳಿನಷ್ಟೇ ಇರುತ್ತದೆ. ಬಾಣದ ಗುರುತು ಅಷ್ಟು ಸರಿದರೆ ಸಾಕು, ಉಳಿಯಬೇಕಾದುದು ಅಳಿದುಹೋಗುತ್ತದೆ.

ಈ ದೋಷದ ಮೂಲವನ್ನು ಅರಿಯಬೇಕಾದರೆ ಮೊದಲು ವರ್ಚುವಲ್ ಮೆಷಿನ್, ಅಂದರೆ ಕಲ್ಪಿತ ಗಣಕ, ಎಂಬುದು ಏನೆಂದು ತಿಳಿಯಬೇಕು. ದೊಡ್ಡದೊಂದು ತೊಟ್ಟಿಯ ಮನೆಯಲ್ಲಿ ಹಲವು ಸಂಸಾರಗಳು ಬೇರೆ ಬೇರೆ ಒಲೆ ಹೂಡಿಕೊಂಡು ಬಾಳುವುದುಂಟು. ಅದರಂತೆಯೇ ಒಂದು ಶಕ್ತಿಶಾಲಿ ಗಣಕದ ಒಳಗೆ ಹಲವು ಗಣಕಗಳು ಇರುವಂತೆ ಏರ್ಪಡಿಸಬಹುದು. ಪ್ರತಿಯೊಂದೂ ತಾನು ಪ್ರತ್ಯೇಕ ಯಂತ್ರವೆಂದೇ ಭಾವಿಸಿ ನಡೆಯುತ್ತದೆ. ಐಬಿಎಂ ಸಂಸ್ಥೆಯ ವಿಜ್ಞಾನಿಗಳು ಈ ವಿಧಾನವನ್ನು 1960ರ ದಶಕದಲ್ಲಿ ರೂಪಿಸಿದರು. 1972ರಲ್ಲಿ ಆ ಸಂಸ್ಥೆಯು ‘ವಿಎಂ/370’ ಎಂಬ ಹೆಸರಿನಿಂದ ಅದನ್ನು ಹೊರತಂದಿತು. ಇಂದು ದತ್ತಾಂಶ ಕೇಂದ್ರಗಳ ಬಹುಪಾಲು ಕೆಲಸ ಕಲ್ಪಿತ ಗಣಕಗಳಲ್ಲಿಯೇ ನಡೆಯುತ್ತದೆ. ಇಂತಹ ಗಣಕಕ್ಕೆ ನಿಜವಾದ ಪರದೆಯಿಲ್ಲ, ನಿಜವಾದ ಮೌಸ್ ಇಲ್ಲ. ಅದನ್ನು ಹೊತ್ತಿರುವ ಆತಿಥೇಯ ಯಂತ್ರವು ‘ಇಗೋ ನಿನ್ನ ಪರದೆ, ಇಗೋ ನಿನ್ನ ಮೌಸ್’ ಎಂದು ಅದನ್ನು ನಂಬಿಸಿರುತ್ತದೆ. ಪರದೆಯೆಂದು ಅದು ತಿಳಿದಿರುವುದು ಸ್ಮೃತಿಯಲ್ಲಿ ಬರೆದ ಅಂಕಿಗಳ ಸಾಲು. ಮೌಸಿನ ಚಲನೆಯೆಂದು ಅದು ತಿಳಿದಿರುವುದು ಹೊರಗಿನಿಂದ ಬರುವ ಅಂಕಿಗಳ ಇನ್ನೊಂದು ಸಾಲು.

ಮೌಸ್ ಹುಟ್ಟಿದ್ದು ಅಮೆರಿಕದಲ್ಲಿ. ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬ ವಿಜ್ಞಾನಿಯ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಎಂಬ ಎಂಜಿನಿಯರು 1964ರಲ್ಲಿ ಅದನ್ನು ಮರದ ಪೆಟ್ಟಿಗೆಯೊಂದರಲ್ಲಿ ರೂಪಿಸಿದನು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಎಂಗೆಲ್‌ಬಾರ್ಟ್ ಅದನ್ನು ಸಭೆಯೊಂದರ ಮುಂದೆ ಪ್ರದರ್ಶಿಸಿದನು. ಅಂದು ಅವನ ಕೈಯಲ್ಲಿದ್ದ ಮೌಸ್ ನಡೆಸಿದ ಗಣಕ ಆ ಸಭಾಭವನದಲ್ಲಿರಲಿಲ್ಲ. ಸುಮಾರು 50 ಕಿಲೋಮೀಟರ್ ದೂರದ ಮೆನ್ಲೊ ಪಾರ್ಕಿನಲ್ಲಿತ್ತು. ಕೈಯ ಚಲನೆ ಇಲ್ಲಿಂದ ಅಲ್ಲಿಗೆ ಹೋಯಿತು. ಪರದೆಯ ಚಿತ್ರ ಅಲ್ಲಿಂದ ಇಲ್ಲಿಗೆ ಬಂದಿತು. ಹೀಗೆ ಮೌಸ್ ಜನರೆದುರಿಗೆ ಬಂದ ದಿನವೇ ದೂರದ ಗಣಕವನ್ನು ನಡೆಸಿತೆಂಬುದು ಗಮನಾರ್ಹವಾಗಿದೆ.

ಸಾಮಾನ್ಯ ಮೌಸ್ ತಾನು ಎಲ್ಲಿರುವೆನೆಂದು ಎಂದೂ ಹೇಳುವುದಿಲ್ಲ. ‘ಬಲಕ್ಕೆ ಐದು ಹೆಜ್ಜೆ, ಕೆಳಕ್ಕೆ ಎರಡು ಹೆಜ್ಜೆ’ ಎಂದು ತಾನು ಸರಿದ ಅಳತೆಯನ್ನು ಮಾತ್ರ ಹೇಳುತ್ತದೆ. ಹಿಂದಿನ ಸ್ಥಾನಕ್ಕೆ ಆ ಹೆಜ್ಜೆಗಳನ್ನು ಕೂಡಿಸಿ ಹೊಸ ಸ್ಥಾನವನ್ನು ಕಂಡುಕೊಳ್ಳುವುದು ಗಣಕದ ಕೆಲಸ. ಹೀಗೆ ಹೇಳುವುದಕ್ಕೂ ಸ್ಥಾನವನ್ನೇ ಹೇಳುವುದಕ್ಕೂ ಇರುವ ಅಂತರವನ್ನು ಅಮೃತಾಪುರದ ಅಮೃತೇಶ್ವರ ದೇವಾಲಯದ ಉದಾಹರಣೆಯಿಂದ ಸುಲಭವಾಗಿ ಗ್ರಹಿಸಬಹುದು.

ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತನು 1196ರಲ್ಲಿ ಈ ದೇವಾಲಯವನ್ನು ಕಟ್ಟಿಸಿದನು. ಇದರ ತೆರೆದ ಮಂಟಪದ ದಕ್ಷಿಣದ ಹೊರಗೋಡೆಯ ಮೇಲೆ ರಾಮಾಯಣದ ಕಥೆಯನ್ನು 70 ಫಲಕಗಳಲ್ಲಿ ಕೆತ್ತಲಾಗಿದೆ. ಉತ್ತರದ ಗೋಡೆಯಲ್ಲಿ ಕೃಷ್ಣನ ಕಥೆಗೆ 25, ಮಹಾಭಾರತಕ್ಕೆ 45 ಫಲಕಗಳಿವೆ. ರಾಮಾಯಣದ ಫಲಕಗಳ ಮುಂದೆ ಒಬ್ಬ ಹುಡುಗಿ ನಿಂತಿದ್ದಾಳೆ, ತರೀಕೆರೆಯಿಂದ ಅವಳ ಗೆಳತಿ ದೂರವಾಣಿಯಲ್ಲಿ ದಾರಿ ಹೇಳುತ್ತಿದ್ದಾಳೆ ಎಂದು ಇಟ್ಟುಕೊಳ್ಳೋಣ. ‘ಇನ್ನು ಮೂರು ಫಲಕ ಮುಂದೆ ಹೋಗು, ಈಗ ಒಂದು ಹಿಂದೆ ಬಾ’ ಎಂದು ಗೆಳತಿ ಹೇಳುತ್ತಾ ಹೋದರೆ, ನಡೆಯುವವಳು ಒಮ್ಮೆ ಎಣಿಕೆ ತಪ್ಪಿದರೂ ಸಾಕು; ಆ ತಪ್ಪು ಮುಂದಿನ ಎಲ್ಲ ಹೆಜ್ಜೆಗಳಲ್ಲಿಯೂ ಉಳಿದುಕೊಳ್ಳುತ್ತದೆ. ಇನ್ನೊಮ್ಮೆ ತಪ್ಪಿದರೆ ಎರಡೂ ಕೂಡಿಕೊಳ್ಳುತ್ತವೆ. ಹೇಳುವವಳು ಸೇತುಬಂಧವನ್ನು ವರ್ಣಿಸುತ್ತಿರುವಾಗ ಕೇಳುವವಳು ಬೇರೆ ಯಾವುದೋ ಪ್ರಸಂಗದ ಮುಂದೆ ನಿಂತಿರಬಹುದು. ಇಬ್ಬರಿಗೂ ತಾವು ಸರಿಯೆಂದೇ ನಂಬಿಕೆ. ಇದಕ್ಕೆ ಬದಲಾಗಿ ‘ಕಥೆಯ ಆರಂಭದಿಂದ 42ನೆಯ ಫಲಕ’ ಎಂದು ಹೇಳಿದರೆ, ಹಿಂದಿನ ತಪ್ಪುಗಳು ಎಷ್ಟೇ ಇರಲಿ, ಅವು ಅಲ್ಲಿಗೆ ಅಳಿದುಹೋಗುತ್ತವೆ.

ಆದರೆ ಇಲ್ಲಿಯೂ ಒಂದು ಒಪ್ಪಂದ ಬೇಕು. ಹೊಯ್ಸಳ ದೇವಾಲಯಗಳಲ್ಲಿ ಕಥೆಯು ಸಾಮಾನ್ಯವಾಗಿ ಪ್ರದಕ್ಷಿಣೆಯ ಕ್ರಮದಲ್ಲಿ ಸಾಗುತ್ತದೆ. ಅಮೃತಾಪುರದ ರಾಮಾಯಣವಾದರೋ ಅಪ್ರದಕ್ಷಿಣೆಯ ಕ್ರಮದಲ್ಲಿ ಸಾಗುತ್ತದೆ. ಇದನ್ನು ಅರಿಯದೆ ಇನ್ನೊಂದು ತುದಿಯಿಂದ ಎಣಿಸಿದವಳಿಗೆ 42ನೆಯದೆಂದು ಸಿಗುವುದು ನಿಜವಾಗಿ 29ನೆಯ ಫಲಕ. ಆದ್ದರಿಂದ ಎಣಿಕೆ ಎಲ್ಲಿಂದ ಆರಂಭವಾಗುತ್ತದೆ, ಯಾವ ದಿಕ್ಕಿಗೆ ಸಾಗುತ್ತದೆ, ಯಾವ ಅಳತೆಯಲ್ಲಿ ನಡೆಯುತ್ತದೆ ಎಂಬ ವಿಷಯಗಳಲ್ಲಿ ಇಬ್ಬರಿಗೂ ಏಕಾಭಿಪ್ರಾಯವಿರಬೇಕು.

ದೂರ ಪರದೆಯಲ್ಲಿ ನಡೆಯುವುದೂ ಇದೇ. ಅಲ್ಲಿ ಬಾಣಗಳು ಎರಡು. ಒಂದು, ನೌಕರನ ಎದುರಿಗಿರುವ ಗಣಕ ಬರೆಯುವ ಸಮೀಪದ ಬಾಣ. ಇನ್ನೊಂದು, ಕಲ್ಪಿತ ಗಣಕವು ತನ್ನ ಪರದೆಯ ಮೇಲೆ ಬರೆಯುವ ದೂರದ ಬಾಣ. ಇಂಗ್ಲೆಂಡಿನ ಕೇಂಬ್ರಿಡ್ಜ್ ನಗರದ ಸಂಶೋಧನಾಲಯವೊಂದರಲ್ಲಿ 1990ರ ದಶಕದಲ್ಲಿ ರೂಪುಗೊಂಡ ‘ವಿಎನ್‌ಸಿ’ ಎಂಬ ವ್ಯವಸ್ಥೆಯಲ್ಲಿ ಸಮೀಪದ ಗಣಕವು ಬಾಣದ ಸ್ಥಾನವನ್ನೇ ತಿಳಿಸುತ್ತದೆ. ಆದರೆ ಕಲ್ಪಿತ ಗಣಕಕ್ಕೆ ಹಳೆಯ ಮಾದರಿಯ ಮೌಸನ್ನು ಕೊಟ್ಟಿದ್ದರೆ ಅದಕ್ಕೆ ಹೆಜ್ಜೆಗಳ ಭಾಷೆ ಮಾತ್ರ ತಿಳಿಯುತ್ತದೆ. ಆಗ ನಡುವಿನ ಆತಿಥೇಯ ಯಂತ್ರವು ಹೊಸ ಸ್ಥಾನದಿಂದ ಹಳೆಯ ಸ್ಥಾನವನ್ನು ಕಳೆದು, ಬಂದ ಅಂತರವನ್ನು ಹೆಜ್ಜೆಗಳೆಂದು ಒಳಗೆ ಕಳುಹಿಸುತ್ತದೆ. ಕಲ್ಪಿತ ಗಣಕವು ಆ ಹೆಜ್ಜೆಗಳನ್ನು ಇದ್ದಂತೆಯೇ ಸ್ವೀಕರಿಸುವುದಿಲ್ಲ. ಕೈ ವೇಗವಾಗಿ ಚಲಿಸಿದಾಗ ಬಾಣವು ಇನ್ನೂ ದೂರ ಹೋಗಲೆಂದು ಅದು ಹೆಜ್ಜೆಗಳನ್ನು ಹಿಗ್ಗಿಸುತ್ತದೆ. ಇದಕ್ಕೆ ವೇಗವರ್ಧನೆ ಎಂದು ಹೆಸರು. ಸ್ವಂತ ಮೇಜಿನ ಮೇಲೆ ಇದೊಂದು ಅನುಕೂಲ. ದೂರ ಪರದೆಯಲ್ಲಿ ಇದೇ ತೊಡಕು. ಸಮೀಪದ ಬಾಣ ಒಂದು ಅಳತೆಯಲ್ಲಿ, ದೂರದ ಬಾಣ ಇನ್ನೊಂದು ಅಳತೆಯಲ್ಲಿ ಚಲಿಸಿ ಎರಡೂ ಅಗಲುತ್ತವೆ. ಕೆಲವೊಮ್ಮೆ ಸಮೀಪದ ಬಾಣ ಚೌಕಟ್ಟಿನ ಅಂಚಿಗೆ ಬಂದು ನಿಂತರೂ ದೂರದ ಬಾಣ ತನ್ನ ಅಂಚನ್ನು ಮುಟ್ಟಿರುವುದಿಲ್ಲ. ಪರದೆಯ ಒಂದು ಭಾಗಕ್ಕೆ ಹೋಗಲು ಸಾಧ್ಯವೇ ಆಗುವುದಿಲ್ಲ. ಗುಂಡಿಯನ್ನು ಒತ್ತಿದಾಗ ಒತ್ತು ಬೀಳುವುದು ದೂರದ ಬಾಣ ಇರುವ ಸ್ಥಳದಲ್ಲಿಯೇ ಹೊರತು ಕಣ್ಣು ನಂಬಿದ ಸ್ಥಳದಲ್ಲಿ ಅಲ್ಲ.

ಇದಕ್ಕೆ ನಿಜವಾದ ಪರಿಹಾರವೆಂದರೆ ಹೆಜ್ಜೆಗಳ ಭಾಷೆಯನ್ನು ಬಿಟ್ಟು ಸ್ಥಾನದ ಭಾಷೆಯನ್ನು ಎರಡೂ ಕಡೆ ಬಳಸುವುದು. ಚಿತ್ರಕಾರರು ಉಪಯೋಗಿಸುವ ಟ್ಯಾಬ್ಲೆಟ್ ಎಂಬ ಹಲಗೆಯು ಲೇಖನಿ ಮುಟ್ಟಿದ ಜಾಗವನ್ನೇ ಗಣಕಕ್ಕೆ ತಿಳಿಸುತ್ತದೆ. ಕಲ್ಪಿತ ಗಣಕಕ್ಕೆ ಹಳೆಯ ಮೌಸಿನ ಬದಲು ಇಂತಹ ಕಲ್ಪಿತ ಟ್ಯಾಬ್ಲೆಟನ್ನು ಜೋಡಿಸಿದರೆ ಕಳೆಯುವ, ಕೂಡಿಸುವ, ಹಿಗ್ಗಿಸುವ ಗೊಡವೆಯೇ ಇರುವುದಿಲ್ಲ. ಫ್ಯಾಬ್ರಿಸ್ ಬೆಲ್ಲಾರ್ ಎಂಬವರು 2003ರಲ್ಲಿ ಆರಂಭಿಸಿದ ‘ಕ್ಯೂಎಮು’ ಮೊದಲಾದ ತಂತ್ರಾಂಶಗಳಲ್ಲಿ ಈ ಏರ್ಪಾಡು ಸಿದ್ಧವಾಗಿಯೇ ಇದೆ. ಕಲ್ಪಿತ ಗಣಕದ ಒಳಗೆ ಸ್ಥಾಪಿಸುವ ಸಹಾಯಕ ತಂತ್ರಾಂಶಗಳೂ ಇದೇ ಕೆಲಸವನ್ನು ಮಾಡುತ್ತವೆ. ಇವೆರಡೂ ಇಲ್ಲದಿದ್ದಲ್ಲಿ ವೇಗವರ್ಧನೆಯನ್ನು ನಿಲ್ಲಿಸುವುದು ಎರಡನೆಯ ಉಪಾಯ. ಆ ಕ್ಷಣಕ್ಕೆ ಕೆಲಸ ಸಾಗಬೇಕಾದರೆ ಬಾಣವನ್ನು ಎಡಮೇಲಿನ ಮೂಲೆಗೆ ತಳ್ಳಿ ಒತ್ತಿಹಿಡಿಯಬೇಕು. ಮೂಲೆಯನ್ನು ದಾಟಿ ಎರಡು ಬಾಣಗಳೂ ಹೋಗಲಾರವಾದ್ದರಿಂದ ಅಲ್ಲಿ ಅವು ಮತ್ತೆ ಒಂದಾಗುತ್ತವೆ. ಆದರೆ ಮೂಲಕಾರಣ ಉಳಿದಿರುವವರೆಗೆ ಅವು ಪುನಃ ಅಗಲುವುದು ನಿಶ್ಚಯ.

ಬಾಣ ತಪ್ಪಿತೆಂದ ಕೂಡಲೆ ಕಂಡಕಂಡ ವ್ಯವಸ್ಥೆಗಳನ್ನು ಬದಲಾಯಿಸುವುದು ವಿವೇಕವಲ್ಲ. ವೈದ್ಯನು ಜ್ವರದ ಲಕ್ಷಣವನ್ನು ನೋಡಿ ಮದ್ದು ಕೊಡುವಂತೆ, ಬಾಣವು ಹೇಗೆ ತಪ್ಪುತ್ತಿದೆ ಎಂಬುದನ್ನು ಮೊದಲು ಗಮನಿಸಬೇಕು. ತಪ್ಪುವ ರೀತಿಯೇ ಕಾರಣವನ್ನು ಹೇಳಿಕೊಡುತ್ತದೆ. ಕೈಯ ವೇಗ ಹೆಚ್ಚಿದಂತೆ ತಪ್ಪು ಹೆಚ್ಚಿದರೆ ಅದು ವೇಗವರ್ಧನೆಯ ಫಲ. ಪರದೆಯ ಎಲ್ಲ ಭಾಗಗಳಲ್ಲಿಯೂ ತಪ್ಪು ಒಂದೇ ಅಳತೆಯಲ್ಲಿದ್ದರೆ ಎಣಿಕೆಯ ಆರಂಭಸ್ಥಾನದಲ್ಲಿ ವ್ಯತ್ಯಾಸವಿದೆಯೆಂದು ತಿಳಿಯಬೇಕು. ಚೌಕಟ್ಟಿನ ಮೇಲಿನ ಪಟ್ಟಿಯನ್ನು ಒಂದು ಕಡೆ ಲೆಕ್ಕಕ್ಕೆ ಹಿಡಿದು ಇನ್ನೊಂದು ಕಡೆ ಬಿಟ್ಟಿರುವುದು ಇದಕ್ಕೆ ಕಾರಣವಾಗಬಹುದು. ಎಡಮೇಲಿನ ಮೂಲೆಯಲ್ಲಿ ಸರಿಯಾಗಿದ್ದು ಬಲಕ್ಕೂ ಕೆಳಕ್ಕೂ ಹೋದಂತೆ ತಪ್ಪು ಬೆಳೆಯುತ್ತಿದ್ದರೆ ಅದು ಅಳತೆಯ ವ್ಯತ್ಯಾಸ. ಉದಾಹರಣೆಗೆ, ದೂರದ ಪರದೆಯ ಅಗಲ 1024 ಚುಕ್ಕೆಗಳು. ಅದನ್ನು ಇಲ್ಲಿ 768 ಚುಕ್ಕೆಗಳ ಚೌಕಟ್ಟಿಗೆ ಕುಗ್ಗಿಸಲಾಗಿದೆ. ಇಲ್ಲಿ 600ನೆಯ ಚುಕ್ಕೆಯನ್ನು ಒತ್ತಿದರೆ ಅಲ್ಲಿ 800ನೆಯದನ್ನು ಒತ್ತಿದಂತಾಗಬೇಕು. ಈ ಗುಣಾಕಾರ ತಪ್ಪಿಹೋದರೆ ಒತ್ತು 600ರಲ್ಲಿಯೇ ಬೀಳುತ್ತದೆ. 200 ಚುಕ್ಕೆಗಳಷ್ಟು ಹಿಂದೆ! ಚಿತ್ರವನ್ನು ಹಿಗ್ಗಿಸದೆ ಕುಗ್ಗಿಸದೆ ನೂರಕ್ಕೆ ನೂರರ ಅಳತೆಯಲ್ಲಿ ತೋರಿಸುವಂತೆ ಮಾಡಿದರೆ ಈ ದೋಷ ಕಳೆಯುತ್ತದೆ. ಇನ್ನು, ಬಾಣವು ಸರಿಯಾದ ಸ್ಥಳಕ್ಕೇ ಬಂದು, ಆದರೆ ತಡವಾಗಿ ಬರುತ್ತಿದ್ದರೆ, ಅದು ದಾರಿಯ ದೋಷವೇ ಹೊರತು ಲೆಕ್ಕದ ದೋಷವಲ್ಲ.

ಬಾಣ ಎರಡಾಗಿ ಕಾಣುವುದು, ಅಥವಾ ಒಂದೂ ಕಾಣದಿರುವುದು, ಇನ್ನೊಂದು ಬಗೆಯ ತೊಂದರೆ. ಬಾಣವನ್ನು ಬರೆಯುವ ಹೊಣೆ ಯಾರದೆಂಬುದು ನಿರ್ಧಾರವಾಗದಿರುವುದೇ ಇದರ ಕಾರಣ. ಇಬ್ಬರೂ ಬರೆದರೆ ಎರಡು ಬಾಣ. ‘ಅವನು ಬರೆಯುವನು’ ಎಂದು ಇಬ್ಬರೂ ಸುಮ್ಮನಿದ್ದರೆ ಬರಿದಾದ ಪರದೆ. ಒಬ್ಬರಿಗೆ ಹೊಣೆ ವಹಿಸುವ ವ್ಯವಸ್ಥೆಯನ್ನು ಆರಿಸಿದರೆ ಇದು ಸರಿಹೋಗುತ್ತದೆ. ಮತ್ತೆ ಕೆಲವು ವೇಳೆ ದೂರ ಪರದೆಯು ಬಾಣವನ್ನು ತನ್ನ ಚೌಕಟ್ಟಿನೊಳಗೆ ಸೆರೆಹಿಡಿದು ಹೊರಗೆ ಬಿಡುವುದಿಲ್ಲ. ಇದು ಕೆಟ್ಟುಹೋದುದರ ಗುರುತಲ್ಲ. ಬಿಡುಗಡೆಗೆಂದು ಗೊತ್ತಾದ ಕೀಲಿಗಳಿರುತ್ತವೆ. ಅನೇಕ ತಂತ್ರಾಂಶಗಳಲ್ಲಿ ಕಂಟ್ರೋಲ್ ಮತ್ತು ಆಲ್ಟ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬಾಣ ಹೊರಬರುತ್ತದೆ.

ಬಾಣದಂತೆಯೇ ಚಿತ್ರಕ್ಕೂ ತನ್ನದೇ ಆದ ತೊಡಕುಗಳುಂಟು. 1024 ಚುಕ್ಕೆ ಅಗಲ, 768 ಚುಕ್ಕೆ ಎತ್ತರದ ಪರದೆಯಲ್ಲಿ ಒಟ್ಟು 7,86,432 ಚುಕ್ಕೆಗಳಿವೆ. ಪ್ರತಿ ಚುಕ್ಕೆಯ ಬಣ್ಣಕ್ಕೆ ಮೂರು ಬೈಟುಗಳಂತೆ ಒಂದು ಚಿತ್ರಕ್ಕೆ 23,59,296 ಬೈಟುಗಳು ಬೇಕು. ಸೆಕೆಂಡಿಗೆ 30 ಚಿತ್ರಗಳನ್ನು ಪೂರ್ತಿಯಾಗಿ ಕಳುಹಿಸುವುದಾದರೆ ಏಳು ಕೋಟಿಗೂ ಹೆಚ್ಚು ಬೈಟುಗಳಾಗುತ್ತವೆ. ಸಾಮಾನ್ಯ ಸಂಪರ್ಕ ಇಷ್ಟು ಭಾರವನ್ನು ಹೊರಲಾರದು. ಆದ್ದರಿಂದ ಪರದೆಯಲ್ಲಿ ಬದಲಾದ ಚೌಕಗಳನ್ನು ಮಾತ್ರ ಕಳುಹಿಸುವ ಕ್ರಮವಿದೆ. ಬದಲಾವಣೆಯ ಸುದ್ದಿ ಒಂದು ಚೌಕಕ್ಕೆ ತಲುಪದೆ ಹೋದರೆ ಅಲ್ಲಿ ಹಳೆಯ ಚಿತ್ರದ ತುಂಡು ಉಳಿದುಬಿಡುತ್ತದೆ. ಮುಚ್ಚಿದ ಕಿಟಕಿ ತೆರೆದಂತೆಯೇ ಕಾಣುತ್ತದೆ. ಪೂರ್ಣ ಚಿತ್ರವನ್ನು ಹೊಸದಾಗಿ ಕೇಳಿ ಪಡೆದರೆ ಈ ಉಳಿಕೆಗಳು ಮಾಯವಾಗುತ್ತವೆ. ಚಿತ್ರವು ಚಿಕ್ಕ ಅಳತೆಯಲ್ಲಿ ಒರಟಾಗಿ ಕಾಣುತ್ತಿದ್ದರೆ, ಕಲ್ಪಿತ ಗಣಕಕ್ಕೆ ತನ್ನ ಪರದೆಯ ಸಾಮರ್ಥ್ಯ ತಿಳಿದಿಲ್ಲವೆಂದು ಅರ್ಥ. ಅದಕ್ಕೆ ತಕ್ಕ ಡ್ರೈವರ್ ಎಂಬ ತಂತ್ರಾಂಶವನ್ನು ಒದಗಿಸಿದರೆ ದೊಡ್ಡ ಅಳತೆಗಳು ದೊರೆಯುತ್ತವೆ.

ಎಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸುವುದು ಪೂರ್ತಿ ಕಪ್ಪಾದ ಪರದೆ. ಅದನ್ನು ಕಂಡವರಿಗೆ ಗಣಕವೇ ಸತ್ತಿತೆಂಬ ಭಾವನೆ ಬರುವುದು ಸಹಜ. ಆದರೆ ಬಹುಕಾಲ ಯಾರೂ ಮುಟ್ಟದಿದ್ದಾಗ ಗಣಕವು ಪರದೆಯನ್ನು ಆರಿಸಿ ತನ್ನ ಕೆಲಸವನ್ನು ಮುಂದುವರಿಸುವುದುಂಟು. ಒಂದು ಕೀಲಿಯನ್ನು ಒತ್ತಿದರೆ ಅದು ಎಚ್ಚರಗೊಳ್ಳಬಹುದು. ಹಾಗಾಗದಿದ್ದರೆ, ಚಿತ್ರದ ಹಂಗಿಲ್ಲದೆ ಅಕ್ಷರಗಳಿಂದಲೇ ಮಾತನಾಡುವ ಬೇರೆ ಸಂಪರ್ಕದ ಮೂಲಕ ಅದು ಉತ್ತರ ಕೊಡುತ್ತದೆಯೇ ಎಂದು ವಿಚಾರಿಸಬೇಕು. ಇದನ್ನು ಮಾಡದೆ ಅವಸರದಿಂದ ವಿದ್ಯುತ್ತನ್ನು ಕಡಿದು ಯಂತ್ರವನ್ನು ಮತ್ತೆ ಆರಂಭಿಸಿದರೆ, ಬರೆಯುತ್ತಿದ್ದ ದಾಖಲೆಗಳು ಅರ್ಧದಲ್ಲಿ ನಿಂತು ಕೆಡಬಹುದು. ಕಿಟಕಿಯ ಗಾಜು ಮಸುಕಾಯಿತೆಂದು ಒಳಗಿನವರು ಇಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ.

ತಡವಾಗುವ ಬಾಣದ ವಿಚಾರವೂ ತಿಳಿಯತಕ್ಕದ್ದೇ. ಹಾಸನದಲ್ಲಿರುವ ಇಸ್ರೋ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ರೇಡಿಯೋ ಅಲೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ವೇಗದಿಂದ ಹೋದರೂ ಅಲ್ಲಿಗೆ ತಲುಪಲು ಒಂದು ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ಕಾಲ ಹಿಡಿಯುತ್ತದೆ. ಅಂತಹ ಉಪಗ್ರಹದ ಮೂಲಕ ದೂರ ಪರದೆಯನ್ನು ನಡೆಸಿದರೆ, ಕೈಯ ಸುದ್ದಿ ಏರಿ ಇಳಿದು, ಚಿತ್ರದ ಉತ್ತರವೂ ಏರಿ ಇಳಿಯುವಷ್ಟರಲ್ಲಿ ಅರ್ಧ ಸೆಕೆಂಡಿನಷ್ಟು ಕಳೆಯುತ್ತದೆ. ನೆಲದ ಮೇಲಿನ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ; 250 ಕಿಲೋಮೀಟರ್ ದಾರಿಗೆ ಒಂದು ಸೆಕೆಂಡಿನ 800ನೆಯ ಒಂದು ಭಾಗ ಸಾಕು. ಅಂದಮೇಲೆ ನಾಡಿನೊಳಗಿನ ಸಂಪರ್ಕದಲ್ಲಿ ಬಾಣ ಎಳೆದಾಡುತ್ತಿದ್ದರೆ ಅದಕ್ಕೆ ದೂರವಲ್ಲ, ದಾರಿಯ ದಟ್ಟಣೆಯೇ ಕಾರಣವೆನ್ನಬಹುದು. ಸಂತೆಯ ದಿನ ಗಾಡಿ ನಿಧಾನವಾಗುವುದು ಊರು ದೂರವಾದುದರಿಂದಲ್ಲವಷ್ಟೆ. ಹೊರೆಯನ್ನು ಕಡಿಮೆ ಮಾಡುವುದೇ ಇಲ್ಲಿ ಮದ್ದು: ಬಣ್ಣಗಳ ಸಂಖ್ಯೆಯನ್ನು ಇಳಿಸುವುದು, ಹಿನ್ನೆಲೆಯ ಚಿತ್ರಗಳನ್ನು ತೆಗೆಯುವುದು, ಪರದೆಯ ಅಳತೆಯನ್ನು ಕುಗ್ಗಿಸುವುದು.

ಇಷ್ಟೆಲ್ಲ ಉಪಾಯಗಳಿಗೂ ಮೊದಲು ಪಾಲಿಸಬೇಕಾದ ಕ್ರಮವೊಂದುಂಟು. ಎರಡು ಬಾಣಗಳೂ ಒಂದೇ ಜಾಗದಲ್ಲಿವೆಯೆಂದು ಖಚಿತವಾಗುವವರೆಗೆ ಏನನ್ನೂ ಒತ್ತಬಾರದು. ಖಾಲಿ ಜಾಗದಲ್ಲಿ ಒಮ್ಮೆ ಪರೀಕ್ಷಿಸಿ ನೋಡಬೇಕು. ತುರ್ತು ಕೆಲಸವಿದ್ದರೆ ಮೌಸನ್ನು ಬಿಟ್ಟು ಕೀಲಿಮಣೆಯನ್ನು ಆಶ್ರಯಿಸಬೇಕು. ಟ್ಯಾಬ್ ಕೀಲಿಯು ಒಂದು ಗುಂಡಿಯಿಂದ ಇನ್ನೊಂದಕ್ಕೆ ಕ್ರಮವಾಗಿ ಸಾಗುತ್ತದೆ. ಆರಿಸಿದ ಗುಂಡಿಯನ್ನು ಎಂಟರ್ ಕೀಲಿ ಒತ್ತುತ್ತದೆ. ಅಲ್ಲಿ ಬಾಣದ ಮಾತೇ ಇಲ್ಲ. ಹಾಗೆಯೇ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಫಲವನ್ನು ನೋಡಿ, ಫಲವಿಲ್ಲದಿದ್ದರೆ ಮೊದಲಿನಂತೆ ಮಾಡಿ, ಅನಂತರ ಮುಂದಿನದಕ್ಕೆ ಹೋಗಬೇಕು. ಮೂರನ್ನು ಒಟ್ಟಿಗೆ ಬದಲಾಯಿಸಿ ದೋಷ ಕಳೆದರೂ, ಯಾವುದರಿಂದ ಕಳೆಯಿತೆಂಬ ತಿಳಿವಳಿಕೆ ದೊರೆಯುವುದಿಲ್ಲ.

ದೂರದಿಂದ ಕೆಲಸ ಮಾಡುವ ಸಾಮರ್ಥ್ಯ ಮನುಷ್ಯನಿಗೆ ಒದಗಿದ ದೊಡ್ಡ ಸೌಕರ್ಯ. ಅದರ ಜೊತೆಗೆ ಒಂದು ಹೊಣೆಯೂ ಬಂದಿದೆ. ಪರದೆಯ ಮೇಲೆ ಕಾಣುವುದು ವಸ್ತುವಲ್ಲ, ವಸ್ತುವಿನ ಬಗೆಗೆ ಬಂದ ಸುದ್ದಿ. ಸುದ್ದಿ ಹಳೆಯದಾಗಿರಬಹುದು, ಬೇರೆ ಅಳತೆಯದಾಗಿರಬಹುದು, ನಡುದಾರಿಯಲ್ಲಿ ನಿಂತಿರಬಹುದು. ಪರದೆಯ ಆಚೆ ಇರುವುದು ಅಂಕಿಗಳ ಸಾಲು ಮಾತ್ರವಲ್ಲ. ಒಬ್ಬ ರೈತನ ಜಮೀನು, ಒಬ್ಬ ವೃದ್ಧೆಯ ಪಿಂಚಣಿ, ಒಬ್ಬ ವಿದ್ಯಾರ್ಥಿಯ ಅಂಕಪಟ್ಟಿ. ಅವರಾರೂ ಬಾಣವನ್ನು ಕಾಣಲಾರರು. ಬಾಣವನ್ನು ಹಿಡಿದವರ ಎಚ್ಚರವನ್ನು ಮಾತ್ರ ನಂಬಿರುತ್ತಾರೆ. ಆದುದರಿಂದ ಬೆರಳು ಒತ್ತುವ ಮೊದಲು ಸುದ್ದಿಯನ್ನು ಪರೀಕ್ಷಿಸುವ ತಾಳ್ಮೆಯು ಇಂದಿನ ವಿದ್ಯೆಯ ಒಂದು ಮುಖ್ಯ ಅಂಗವಾಗಿದೆ.